ಯಾವ ದೇವರ ಉಮೇದುವಾರ?

ನಗರಪಾಲಿಕೆ ಚುನಾವಣೆ ಬಂತೆಂದರೆ ನನಗೆ ತಲೆನೋವು ತಪ್ಪಿದ್ದಲ್ಲ. ಮರಾಠಿ ನಾಡಿನ ನಮ್ಮ ಕೋಪರಖೈರಣೆಯಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲ ನಿವೃತ್ತ ಟೀಚರ್ ನಾನೊಬ್ಬಳೇ ಎಂದು ಯಾರೋ ಹಬ್ಬಿಸಿಬಿಟ್ಟಿದ್ದಾರೆ. ಕನ್ನಡದವರ ಮನೆಗೆ ಹೊರಟ ಉಮೇದುವಾರರೆಲ್ಲ ದುಭಾಷಿಯೆಂದು ನನ್ನನ್ನೇ ಎಳೆದುಕೊಂಡು ಹೋಗುತ್ತಾರೆ. ಜನ ಕೇಳುವುದು ನೀರು, ಗಟಾರ. ಇವರು ಮಾತಾಡುವುದು ದೇವರ ವಿಷಯ. ನಡುವೆ ಒದ್ದಾಡುವವಳು ನಾನು.

ನೀರು ಬಂತು

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಗೆ ನೀರು ಏರುತ್ತಿರಲಿಲ್ಲ. ಒಬ್ಬ ಉಮೇದುವಾರ ನಮ್ಮ ಮನೆಗೆ ಬಂದವನೇ ಚಪ್ಪಲಿ ಬಿಟ್ಟು, "ಮೊದಲು ದೇವರು, ಆಮೇಲೆ ಮಾತು" ಎನ್ನುತ್ತ ಮೂಲೆಯ ಪರದೆಯ ಮುಂದೆ ಉದ್ದಂಡ ಬಿದ್ದ. ಹಿಂದೆ ಬಂದ ಎಂಟು ಜನರೂ ಜಾಗ ಸಿಕ್ಕಲ್ಲಿ ಬಿದ್ದರು. ಪರದೆಯ ಹಿಂದಿದ್ದದ್ದು ವಾಷಿಂಗ್ ಮಷಿನ್. ನೀರಿಲ್ಲದೆ ಅದೂ ಎರಡು ತಿಂಗಳಿಂದ ಮೌನವ್ರತದಲ್ಲಿತ್ತು.

"ನೀರಿನ ಕತೆ ಏನು?" ಎಂದು ಕೇಳಿದೆ.

"ಬರುತ್ತೆ. ನಾನು ದೇವರನ್ನು ನಂಬಿದವನು, ಸುಳ್ಳು ಹೇಳೋದಿಲ್ಲ."

ನಿಜಕ್ಕೂ ಹೇಳಲಿಲ್ಲ. ಮರುದಿನ ಮನೆಮನೆಗೂ ನೀರು ಬಂತು. ಹೆಬ್ಬೆರಳುದ್ದದ ಬಾಟ್ಲಿಯಲ್ಲಿ, ಗಂಗಾಜಲ.

ಗುಡಿ ಎಲ್ಲಿದೆ?

ಕಾಮೋಠೆಯಲ್ಲಿ ಕಲಬುರಗಿ ಕಡೆಯ ಗಾರೆ ಕೆಲಸದವರು ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಇದ್ದರು. ಅಲ್ಲಿಗೆ ಹೊರಟ ಉಮೇದುವಾರ ಗಾಡಿಯಲ್ಲೇ ಕೇಳಿದ: "ಟೀಚರ್, ಇವರ ದೇವರು ಯಾವುದು?"

"ಅವರನ್ನೇ ಕೇಳಿ" ಎಂದೆ.

ಅವನಿಗೆ ಅಷ್ಟು ತಾಳ್ಮೆ ಎಲ್ಲಿ? ಹಣೆತುಂಬ ವಿಭೂತಿ ಬಳಿದುಕೊಂಡು ಇಳಿದ. ಮೊದಲ ಶೆಡ್ಡಿನಲ್ಲೇ ದರ್ಗಾದ ಫೋಟೋ ಕಂಡಿತು. ಥಟ್ಟನೆ ಜೇಬಿನಿಂದ ಟೋಪಿ ತೆಗೆದು ವಿಭೂತಿಯ ಮೇಲೆ ಇಟ್ಟುಕೊಂಡ, ದರ್ಗಾಕ್ಕೆ ಹೊದಿಸುವ ಚಾದರವೊಂದನ್ನೂ ಗಾಡಿಯಿಂದ ತರಿಸಿದ. ಪಕ್ಕದಲ್ಲೇ ಬಸವಣ್ಣನ ಫೋಟೋ! ಟೋಪಿ ತೆಗೆಯಲೋ ಬಿಡಲೋ ತಿಳಿಯದೆ ಕೈ ತಲೆಯ ಮೇಲೇ ನಿಂತಿತು.

ಆ ಮನೆಯ ಮುದುಕಿ ನನಗೆ ಹೇಳಿದಳು: "ಅಕ್ಕೋರ, ಹೋದ ವಾರ ಬಂದಾಂವ ಗಂಟಿ ಕೊಟ್ಟು ಹೋದ, ಇಂವ ಚಾದರ ತಂದಾನ. ದೇವರಿಗಿ ಎಲ್ಲಾ ಬಂತ್ರಿ. ನಮಗ ಸಂಡಾಸ್ ಕಟ್ಟಿಸಿಕೊಡೋ ದೇವ್ರು ಯಾಂವ ಅದಾನ, ಅವಂಗೇ ನಮ್ಮ ವೋಟು."

ಒಂದಕ್ಷರ ಬಿಡದೆ ಮರಾಠಿಗೆ ತಿರುಗಿಸಿದೆ. ಉಮೇದುವಾರ ಭಕ್ತಿಯಿಂದ ಕೈಮುಗಿದು, "ಆ ದೇವರ ಗುಡಿ ಇಲ್ಲಿ ಎಲ್ಲಿದೆ?" ಎಂದ.

ನಾಸ್ತಿಕ

ಡೊಂಬಿವಲಿಯಲ್ಲಿ ನನ್ನ ಅಕ್ಕನ ಮನೆ. ಅಲ್ಲಿ ಒಬ್ಬರು ನಿವೃತ್ತ ಎಂಜಿನಿಯರು ಪಕ್ಷವಿಲ್ಲದೆ ಚುನಾವಣೆಗೆ ನಿಂತರು. ವಾರ್ಡಿನ ಪ್ರತಿಯೊಂದು ಗಟಾರ ಎಲ್ಲಿ ಕಟ್ಟಿಕೊಳ್ಳುತ್ತದೆಂದು ಬಾಯಿಪಾಠ ಬಲ್ಲ ಮನುಷ್ಯ. ಇವರೊಬ್ಬರಾದರೂ ಗೆಲ್ಲಲಿ ಎಂದು ನಾನಾಗಿಯೇ ಜೊತೆಗೆ ಹೋದೆ.

ಅಕ್ಕನ ಅತ್ತೆ ಉಡುಪಿಯವರು. ಗಟಾರದ ವಿವರವನ್ನೆಲ್ಲ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು: "ಅದೆಲ್ಲ ಸರಿ, ಇವರು ನಂಬುವುದು ಯಾವ ದೇವರನ್ನು?"

ಎಂಜಿನಿಯರು ನೇರವಾಗಿ, "ಯಾವ ದೇವರನ್ನೂ ನಂಬುವುದಿಲ್ಲ" ಎಂದರು ಮರಾಠಿಯಲ್ಲಿ.

ನಾನು ಕನ್ನಡದಲ್ಲಿ ಹೇಳಿದೆ: "ಎಲ್ಲ ದೇವರೂ ಒಂದೇ ಅಂತೆ."

ಅತ್ತೆಯ ಮುಖ ಅರಳಿತು. ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳು ಹಿಂದಿಯಲ್ಲಿ ಕೂಗಿದಳು: "ಅಜ್ಜೀ, ಚಿಕ್ಕಮ್ಮ ಝೂಟ್ ಬೋಲ್ ರಹೀ ಹೈ!"

ನನ್ನ ಸುಳ್ಳು ಅಲ್ಲಿಗೆ ಮುಗಿಯಿತು, ಎಂಜಿನಿಯರು ಹೇಳಿದ್ದೇನೆಂದು ಅವಳೇ ತಿಳಿಸಿಬಿಟ್ಟಳು. "ದೇವರ ಹೆದರಿಕೆ ಇಲ್ಲದವ ತಿನ್ನದೆ ಬಿಡ್ತಾನಾ?" ಎಂದರು ಅತ್ತೆ.

"ಹೆದರಿಕೆ ಇದ್ದವರೂ ತಿಂದರಲ್ಲ?"

"ತಿಂದರು. ಆದರೆ ದೇವಸ್ಥಾನಕ್ಕೆ ಬೆಳ್ಳಿ ಬಾಗಿಲು ಮಾಡಿಸಿದರು ಮಾರಾಯ್ತಿ. ಇವನಾದರೆ ಒಬ್ಬನೇ ತಿಂತಾನೆ!"

ಎಂಜಿನಿಯರು ಸೋತರು. ಮುಂದಿನ ಮಳೆಗಾಲದಲ್ಲಿ ಗಟಾರ ಉಕ್ಕಿ ಅಕ್ಕನ ಮನೆಯ ಹೊಸ್ತಿಲಿಗೆ ಬಂತು. ಗೆದ್ದವರು ಫೋನೇ ಎತ್ತಲಿಲ್ಲ. ನಾಚಿಕೆ ಬಿಟ್ಟು ಎಂಜಿನಿಯರನ್ನೇ ಕರೆದೆ. ಬೈಯದೆ ಬಂದರು. ಪ್ಯಾಂಟು ಮಡಚಿ, ಗಟಾರಕ್ಕಿಳಿದು, ಕಬ್ಬಿಣದ ಸರಳಿನಿಂದ ತಿವಿದರು. ನೀರು ಗಳಗಳನೆ ಇಳಿಯತೊಡಗಿತು.

ಅತ್ತೆ ಬಾಗಿಲಲ್ಲಿ ನಿಂತು ಎರಡೂ ಕೈ ಮುಗಿದರು. ಕಣ್ಣಲ್ಲಿ ನೀರು. "ದೇವರಂಥ ಮನುಷ್ಯ!"

ಇದೇ ಸಮಯವೆಂದು ನಾನು ಕೇಳಿದೆ: "ಹಾಗಾದರೆ ಮುಂದಿನ ಸಲ ಇವರಿಗೆ ವೋಟು ಹಾಕ್ತೀರಲ್ಲ?"

ಅತ್ತೆ ಬೆಚ್ಚಿಬಿದ್ದರು. ಮೊಣಕಾಲವರೆಗೆ ಕೆಸರಲ್ಲಿ ನಿಂತ ಎಂಜಿನಿಯರನ್ನು ನೋಡಿ ಹೇಳಿದರು:

"ಛೆ ಛೆ! ಇಂಥ ಒಳ್ಳೆಯವರನ್ನು ಎಂತಕ್ಕೆ ಆ ಹೊಲಸಿಗೆ ಇಳಿಸುವುದು?"