ಕಂಪ್ಯೂಟರ್ ಗಣಪತಿಯ ವಿಸರ್ಜನೆ

ಕಂಪ್ಯೂಟರಿಗೆ ಕುಂಕುಮ ಎಲ್ಲಿ ಹಚ್ಚಬೇಕು ಎಂಬ ಪ್ರಶ್ನೆ ಆ ವರ್ಷದ ಆಯುಧ ಪೂಜೆಯ ದಿನ ಎದ್ದಿರದಿದ್ದರೆ ಗುಮಾಸ್ತ ಕೆರಿಯಪ್ಪನಿಗೆ ಈ ಗತಿ ಬರುತ್ತಿರಲಿಲ್ಲ. ಅದು ಎರಡು ಸಾವಿರದ ಒಂದನೇ ಇಸವಿ. ಸಿದ್ದಾಪುರ ತಾಲೂಕಿನ ಆ ಹೈಸ್ಕೂಲಿಗೆ ಕಂಪ್ಯೂಟರ್ ಬಂದು ಆಗಿನ್ನೂ ಮೂರೇ ತಿಂಗಳಾಗಿತ್ತು. ಗಾಜಿಗೆ ಹಚ್ಚಿದರೆ ಅಕ್ಷರ ಕಾಣುವುದಿಲ್ಲ, ಕೀಲಿಮಣೆಗೆ ಹಚ್ಚಿದರೆ ಕೀಲಿ ಅಂಟಿಕೊಳ್ಳುತ್ತದೆ, ಪೆಟ್ಟಿಗೆಗೆ ಹಚ್ಚಿದರೆ ಗ್ಯಾರಂಟಿ ಹೋಗುತ್ತದೆಂದು ಮುಖ್ಯಾಧ್ಯಾಪಕಿ ಪರಿಮಳಾ ಅಕ್ಕೋರಿಗೆ ಭಯ. ಹಾಗಂತ ಶಾಲೆಯ ಗಂಟೆ, ಹೊಲಿಗೆ ಮಷಿನ್ನು, ಕೆರಿಯಪ್ಪನ ಸೈಕಲ್ಲಿಗೆಲ್ಲ ಪೂಜೆಯಾಗಿ, ಅಷ್ಟು ದೊಡ್ಡ ಯಂತ್ರ ಮಾತ್ರ ಬೋಳು ಹಣೆಯಲ್ಲಿ ಕೂತಿರುವುದು ಸರಿಯೇ?

"ಹೊರಗೆ ಹಚ್ಚೋದೇ ಬ್ಯಾಡ ಅಕ್ಕೋರೆ, ದೇವರನ್ನ ಒಳಗೇ ಕೂರಸ್ತೀನಿ," ಎಂದ ಕೆರಿಯಪ್ಪ.

ಯಲ್ಲಾಪುರದಲ್ಲಿ ಮದುವೆ ಕಾರ್ಡು ಮಾಡುವ ಅವನ ಭಾವ ಒಂದು ಫ್ಲಾಪಿ ಕೊಟ್ಟಿದ್ದ. ಅದನ್ನು ಹಾಕಿದ್ದೇ ತಡ, ಯಂತ್ರದ ಕಳೆಯೇ ಬದಲಾಯಿತು. ಪರದೆಯ ಬಲಮೂಲೆಯಲ್ಲಿ ಒಬ್ಬ ಗಣಪತಿ ಕೂತು ಕಿವಿ ಅಲ್ಲಾಡಿಸತೊಡಗಿದ. ಬಾಣದ ಗುರುತು ಇದ್ದಲ್ಲಿ ಮೋದಕ ಬಂತು. ಕೆಳಗಿನ ಪಟ್ಟಿ ಮಾವಿನ ತೋರಣವಾಯಿತು, ಕಸದ ಬುಟ್ಟಿ ಹೂವಿನ ಬುಟ್ಟಿಯಾಯಿತು. ಮೌಸು ಒತ್ತಿದಾಗೆಲ್ಲ ಗಂಟೆ ಮೊಳಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಮೇಲಿನಿಂದ ಹೂವು ಉದುರುತ್ತಿತ್ತು.

ಹೊಲಿಗೆ ಕಲಿಸುವ ಗೌರಕ್ಕೋರು ಕಣ್ಣಲ್ಲಿ ನೀರು ತಂದುಕೊಂಡರು. ಧೂಳಿಗೆ ಹೆದರಿ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡುವ ಪದ್ಧತಿ ಮೊದಲೇ ಇತ್ತು, ಈಗ ಅದಕ್ಕೊಂದು ಅರ್ಥ ಬಂತು. ಆಯಾ ತಿಮ್ಮಿ ದಿನಾ ಬೆಳಗ್ಗೆ ಪೆಟ್ಟಿಗೆಯ ಮೇಲೊಂದು ಕೆಂಪು ದಾಸವಾಳ ಇಡತೊಡಗಿದಳು. ಆರು ವರ್ಷದಿಂದ ಹಂಗಾಮಿಯಾಗಿ ದುಡಿಯುತ್ತಿದ್ದ ಕೆರಿಯಪ್ಪನನ್ನು ಆ ಶಾಲೆಯಲ್ಲಿ ಯಾರಾದರೂ ಹೊಗಳಿದ್ದು ಅದೇ ಮೊದಲು. ಪಾಪ, ಅವನು ಸ್ವಲ್ಪ ಉಬ್ಬಿದ್ದರಲ್ಲಿ ತಪ್ಪೇನಿಲ್ಲ.

ಆದರೆ ಗಣಪತಿ ಬಂದ ವಾರದಿಂದಲೇ ಯಂತ್ರ ನಿಂತು ನಿಂತು ಹೋಗತೊಡಗಿತು. ಕೆಲಸ ಮಾಡುತ್ತಿದ್ದ ಹಾಗೇ ಪರದೆ ನೀಲಿಯಾಗುವುದು, ಬರೆದದ್ದೆಲ್ಲ ಹಾರಿಹೋಗುವುದು. ಕೆರಿಯಪ್ಪನಿಗೆ ಒಳಗೊಳಗೇ ಅನುಮಾನವಿತ್ತು. ಆದರೆ ತಾನೇ ಕೂರಿಸಿದ ದೇವರ ಮೇಲೆ ತಾನೇ ದೂರು ಹೇಳುವುದು ಹೇಗೆಂದು ಸುಮ್ಮನಿದ್ದ. ಹಾಗೆ ಸುಮ್ಮನಿದ್ದು ಸುಮ್ಮನಿದ್ದು ಆ ಶುಕ್ರವಾರ ಬಂದೇಬಿಟ್ಟಿತು.

ಅಂದು ಸಂಜೆ ಐದರೊಳಗೆ ಹತ್ತನೇ ತರಗತಿಯ ಅರುವತ್ತಮೂರು ಮಕ್ಕಳ ಪಟ್ಟಿ ಫ್ಲಾಪಿಯಲ್ಲಿ ಶಿರಸಿಯ ಶಿಕ್ಷಣ ಇಲಾಖೆಯ ಕಚೇರಿಗೆ ಮುಟ್ಟಬೇಕಿತ್ತು. ಕೈಬರಹ ನಡೆಯುವುದಿಲ್ಲ, ಟೈಪ್ ಮಾಡಿದ ಕಾಗದವೂ ನಡೆಯುವುದಿಲ್ಲ.

"ಪಟ್ಟಿ ಮುಟ್ಟದಿದ್ರೆ ಈ ಮಕ್ಕಳಿಗೆ ಹಾಲ್ ಟಿಕೆಟ್ ಇಲ್ಲ ಕೆರಿಯಪ್ಪ," ಎಂದರು ಪರಿಮಳಾ ಅಕ್ಕೋರು. "ನಿನ್ನ ಕಾಯಂ ಮಾಡೋ ಅರ್ಜಿ ನನ್ನ ಮೇಜಿನ ಮೇಲೇ ಇದೆ. ಪಟ್ಟಿ ಹೋದ ಮೇಲೆ ಸಹಿ."

ತನ್ನೂರು ಮನ್ಮನೆಯಿಂದ ಸೈಕಲ್ ತುಳಿದು ಬಂದ ಬೆವರು ಆರುವ ಮೊದಲೇ ಕೆರಿಯಪ್ಪ ಕೀಲಿಮಣೆಗೆ ಕೂತ. ಹದಿನೆಂಟನೇ ಹೆಸರಿಗೆ ಬಂದಿದ್ದ. ಮೇಲಿನಿಂದ ಹೂವು ಉದುರಿತು. ಪರದೆ ನೀಲಿಯಾಯಿತು.

"ಮುಖ ದಕ್ಷಿಣಕ್ಕಾಯ್ತು, ಅದೇ ದೋಷ," ಎಂದರು ಬಾಗಿಲಲ್ಲಿ ನಿಂತಿದ್ದ ಸಂಸ್ಕೃತ ಮಾಸ್ತರರಾದ ಸುಬ್ರಾಯ ಭಟ್ಟರು. "ದೇವರಿದ್ದ ಯಂತ್ರ ಪೂರ್ವಕ್ಕೆ ನೋಡಬೇಕು."

ಮೇಜು ತಿರುಗಿಸಿದರು. ವೈರು ಪ್ಲಗ್ಗಿಗೆ ಮುಟ್ಟಲಿಲ್ಲ. ಗೌರಕ್ಕೋರು ತಮ್ಮ ಇಸ್ತ್ರಿ ಪೆಟ್ಟಿಗೆಯ ಉದ್ದ ವೈರು ತಂದು ಕೊಟ್ಟರು. ಕೆರಿಯಪ್ಪ ಮೊದಲಿನಿಂದ ಶುರುಮಾಡಿದ. ಇಪ್ಪತ್ತನೇ ಹೆಸರಿಗೆ ಮತ್ತೆ ಹೂವು, ಮತ್ತೆ ನೀಲಿ. ಪೂರ್ವಕ್ಕೆ ತಿರುಗಿದ್ದರಿಂದ ಎರಡು ಮಕ್ಕಳು ಹೆಚ್ಚಾದರಲ್ಲ ಎಂದು ಭಟ್ಟರು ಸಮಾಧಾನಪಟ್ಟರು.

"ಒಳಗೆ ಇರುವೆ ಸೇರ್ಕಂಡಿರಬೇಕು," ಎಂದಳು ತಿಮ್ಮಿ. ಪೆಟ್ಟಿಗೆ ಬಿಚ್ಚಿ ನೋಡಿದರೆ ಇರುವೆಗಳೇನೋ ಇದ್ದವು. ಅವಳೇ ಇಟ್ಟ ದಾಸವಾಳದ ಎಸಳುಗಳು ಸಂದಿಯಲ್ಲಿ ಇಳಿದು ಒಣಗಿದ್ದವು. ಎಲ್ಲ ಒರೆಸಿ ಮುಚ್ಚಿದ ಮೇಲೆ ಹತ್ತೊಂಬತ್ತನೇ ಹೆಸರಿಗೇ ನಿಂತಿತು. ಗಂಟೆ ಹನ್ನೊಂದೂವರೆ ಆಗಿತ್ತು.

ಕೊನೆಗೆ ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಾಜಿಯಾಳಿಗೆ ಫೋನು ಹಚ್ಚಿದರು. ಫೋನು ಇರುವುದು ಮುಖ್ಯಾಧ್ಯಾಪಕಿಯ ಕೋಣೆಯಲ್ಲಿ, ಕಂಪ್ಯೂಟರ್ ಇರುವುದು ಜಗಲಿಯ ಆ ತುದಿಯಲ್ಲಿ. ನಡುವೆ ತಿಮ್ಮಿ ಓಡಾಡುವುದೆಂದು ಆಯಿತು.

"ಹೊರಗಿಂದ ತಂದು ಬೇರೆ ಏನಾದ್ರೂ ಹಾಕಿದ್ದೀರಾ?" ಎಂದು ನಾಜಿಯಾ ಕೇಳಿದ್ದಕ್ಕೆ, ಕಂಪ್ಯೂಟರಿನ ಮುಂದೆ ಕೂತ ಕೆರಿಯಪ್ಪ, "ಎಂತದೂ ಇಲ್ಲ ಅಂತ ಹೇಳು," ಎಂದು ಸುಳ್ಳು ಹೇಳಿ ಕಳಿಸಿದ.

"ಹಾಗಾದ್ರೆ ಪರದೆ ಮೇಲೆ ಏನೇನು ಕಾಣ್ತದೆ, ನೋಡಿ ಹೇಳಿ."

ತಿಮ್ಮಿ ಓಡಿಹೋಗಿ ನೋಡಿ, ಓಡಿಬಂದು, ಏದುಸಿರು ಬಿಡುತ್ತ ಫೋನಿಗೆ ಹೇಳಿದಳು: "ಗಣಪತಿ ಅದಾನೆ. ತೋರಣ ಅದೆ. ಹೂವಿನ ಬುಟ್ಟಿ ಅದೆ. ಒಂದು ಮೋದಕ ಅದೆ."

ನಾಜಿಯಾ ಇನ್ನೂ ಮೆಲ್ಲಗೆ, ಬಿಡಿಸಿ ಹೇಳಿದಳು:

"ಅಮ್ಮಾ, ನಾನು ಕಂಪ್ಯೂಟರ್ ಪರದೆ ಕೇಳಿದ್ದು. ದೇವರ ಕೋಣೆ ಅಲ್ಲ."

"ಅಲ್ಲೇ ಅದಾನ್ರಾ! ಕಿವಿ ಅಲ್ಲಾಡಸ್ತಾ ಅದಾನೆ!"

ನಾಜಿಯಾ ಕೆರಿಯಪ್ಪನನ್ನೇ ಫೋನಿಗೆ ಕರೆಸಿದಳು. "ಕೆರಿಯಪ್ಪಣ್ಣ, ಇದನ್ನ ಹಾಕಿದ್ದು ಯಾರು?"

"ಅದು... ಬರೇ ಚಂದಕ್ಕೆ ನಾನೇ ಹಾಕ್ದೆ. ಮೇಲಿಂದ ಹೂವು ಬಿದ್ದಾಗ ಮಾತ್ರ ನಿಲ್ತದೆ."

"ಆ ಚಂದವೇ ನಿಮ್ಮ ಯಂತ್ರದ ಅರ್ಧ ಜೀವ ತಿಂತಾ ಇರೋದು. ಹೂವು ಬಿದ್ದಾಗೆಲ್ಲ ನಿಲ್ತದೆ ಅಂತೀರಿ, ಮತ್ತೆ ಇರುವೆ ಹುಡುಕ್ತೀರಿ! ತೆಗೀರಿ ಅದನ್ನ. ಪೂರ್ತಿ ಅಳಿಸಲಾ ಅಂತ ಕೇಳ್ತದೆ, ಹೌದು ಅಂತ ಒತ್ತಿ. ಐದು ನಿಮಿಷದ ಕೆಲಸ. ಆಮೇಲೆ ಪಟ್ಟಿಯನ್ನ ನೇರ ಫ್ಲಾಪಿಗೇ ಹಾಕಿ, ಆ ಯಂತ್ರವನ್ನ ಇವತ್ತು ನಂಬಬೇಡಿ."

ಐದು ನಿಮಿಷದ ಕೆಲಸ ಅಲ್ಲಿಗೆ ನಿಂತಿತು. ನಾಜಿಯಾ ಹೇಳಿದ ಜಾಗಕ್ಕೆ ಹೋಗಿ ಒತ್ತಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆ ಬಂತು. ಪರಿಮಳಾ ಅಕ್ಕೋರು ಅದನ್ನು ಮೆಲ್ಲಗೆ ಕನ್ನಡ ಮಾಡಿದರು: "ಶ್ರೀಗಣೇಶನನ್ನೂ ಅವನ ಎಲ್ಲ ಅಂಗಗಳನ್ನೂ ಸಂಪೂರ್ಣ ಅಳಿಸಿಹಾಕಲೇ?"

ಮೂಲೆಯಲ್ಲಿ ಗಣಪತಿ ಏನೂ ತಿಳಿಯದವನ ಹಾಗೆ ಕಿವಿ ಅಲ್ಲಾಡಿಸುತ್ತಿದ್ದ.

"ನೀವೇ ಒತ್ತಿ ಅಕ್ಕೋರೆ, ನೀವು ದೊಡ್ಡೋರು," ಎಂದ ಕೆರಿಯಪ್ಪ.

"ಕೂರಿಸಿದ್ದು ನೀನು."

"ಭಟ್ರೇ?"

ಸುಬ್ರಾಯ ಭಟ್ಟರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಕೆರಿಯಪ್ಪ ಮೌಸು ಹಿಡಿದ, ಬಿಟ್ಟ, ಮತ್ತೆ ಹಿಡಿದ. ಒತ್ತದಿದ್ದರೆ ಅರುವತ್ತಮೂರು ಮಕ್ಕಳು, ಒತ್ತಿದರೆ ಎದುರಿಗೇ ದೇವರು. ಅವನಿಗೆ ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ಭಟ್ಟರಿಗೆ ದಾರಿ ಹೊಳೆಯಿತು. ಅವರು ಗೌರಕ್ಕೋರ ಕಡೆ ತಿರುಗಿ ತಮ್ಮಿಬ್ಬರ ಹವ್ಯಕ ಮನೆಮಾತಿನಲ್ಲಿ ಕೇಳಿದರು: "ಗೌರಕ್ಕ, ದೇವಸ್ಥಾನದಲ್ಲಿ ಹಳೇ ವಿಗ್ರಹ ತೆಗೆಯಕ್ಕಾರೆ ಎಂತ ಮಾಡ್ತ? ಮೊದ್ಲು ದೇವರನ್ನ ಕಲಶಕ್ಕೆ ಆವಾಹನೆ ಮಾಡ್ತ. ಆಮೇಲೆ ಉಳಿಯದು ಬರೇ ಕಲ್ಲು."

"ಅದು ಖರೆ. ಆದ್ರೆ ಇಲ್ಲಿ ಕಲಶ ಎಲ್ಲಿದ್ದು?"

"ಅಂವ ಬಂದ ಫ್ಲಾಪಿ ಇದ್ದಲೆ!"

ಎಲ್ಲರ ಮುಖವೂ ಅರಳಿತು. ತಿಮ್ಮಿ ತಾಟಿನಲ್ಲಿ ಅಕ್ಕಿ ಹರಡಿ ತಂದಳು. ಅದರ ಮೇಲೆ ಭಾವನ ಕಪ್ಪು ಫ್ಲಾಪಿ ಕೂತಿತು. ಗೌರಕ್ಕೋರು ಅದಕ್ಕೆ ಕುಂಕುಮ ಹಚ್ಚಿದರು. ನೈವೇದ್ಯಕ್ಕೆ ಬೇರೇನೂ ಇಲ್ಲದೆ ಕೆರಿಯಪ್ಪನ ಬುತ್ತಿಯ ಅವಲಕ್ಕಿ ಬೆಲ್ಲವೇ ಆಯಿತು. ಭಟ್ಟರು ಗರಿಕೆಯಿಂದ ಗಾಜು ಮುಟ್ಟಿ, ಫ್ಲಾಪಿ ಮುಟ್ಟಿ, ಮಂತ್ರ ಹೇಳಿ ತೀರ್ಥ ಚಿಮುಕಿಸಿದರು. ಸಂಸ್ಕೃತ ತರಗತಿ ತಪ್ಪಿದ ಮಕ್ಕಳು ಕಿಟಕಿಗೆ ಜೋತು ನೋಡಿದರು.

"ಇನ್ನು ಅದು ಬರೇ ಚಿತ್ರ. ಒತ್ತು," ಎಂದರು ಭಟ್ಟರು.

ಕೆರಿಯಪ್ಪ ಕಣ್ಣು ಮುಚ್ಚಿ ಒತ್ತಿದ. ಕೊನೆಯ ಸಲ ಗಂಟೆ ಮೊಳಗಿತು. ಯಂತ್ರ ಆರಿ ಮತ್ತೆ ಹೊತ್ತಿಕೊಂಡಾಗ ಪರದೆ ಬರೀ ಹಸಿರು, ಮೂಲೆ ಖಾಲಿ. ಚೌತಿ ಮುಗಿದ ಮಾರನೇ ದಿನದ ಮಂಟಪ ನೋಡಿದ ಹಾಗೆ ಎಲ್ಲರಿಗೂ ಬೇಸರವಾಯಿತು. ಆದರೆ ಯಂತ್ರ ಓಡಿತು! ಇಪ್ಪತ್ತು ದಾಟಿತು, ನಲವತ್ತು ದಾಟಿತು, ಮೂರೂವರೆಗೆ ಅರುವತ್ತಮೂರನೆಯ ಹುಡುಗಿ ಸಮೃದ್ಧಿಯ ಹೆಸರೂ ಮುಗಿದು ಪಟ್ಟಿ ಅಂಥದೇ ಇನ್ನೊಂದು ಕಪ್ಪು ಫ್ಲಾಪಿಗೆ ಇಳಿಯಿತು.

ಅದನ್ನು ತಾಟಿನ ಪಕ್ಕದಲ್ಲಿಡುವಷ್ಟರಲ್ಲಿ ಹೊರಗೆ ಶಿರಸಿಗೆ ಹೋಗುವ ಮುನಾಫನ ಟೆಂಪೋ ಹಾರ್ನ್ ಹಾಕಿತು. "ಗೌರಕ್ಕೋರೆ, ಇಲ್ಲೇ ಇರಿ, ಅಂವ ಹೋಗ್ಬಿಡ್ತಾನೆ!" ಎಂದು ಕೆರಿಯಪ್ಪ ರಸ್ತೆಗೆ ಓಡಿ ಟೆಂಪೋಕ್ಕೆ ಅಡ್ಡ ನಿಂತು, ಮತ್ತೆ ಓಡಿಬಂದ. ತಪ್ಪುವ ಪ್ರಶ್ನೆಯೇ ಇರಲಿಲ್ಲ. ಕುಂಕುಮ ಇದ್ದದ್ದು ದೇವರು, ಇಲ್ಲದ್ದು ಮಕ್ಕಳು. ಕುಂಕುಮ ಇಲ್ಲದ್ದನ್ನು ಎತ್ತಿಕೊಂಡು ಹೋಗಿ ಮುನಾಫನ ಕೈಗಿಟ್ಟ.

"ಮುನಾಫಣ್ಣ, ಇದ್ರಲ್ಲಿ ಅರುವತ್ತಮೂರು ಮಕ್ಕಳ ಭವಿಷ್ಯ ಅದೆ."

"ನೀನೇನೂ ಚಿಂತೆ ಮಾಡಬೇಡ ಮಾರಾಯ," ಎಂದು ಮುನಾಫ ಅದನ್ನು ಅಂಗಿಯ ಕಿಸೆಗೆ ಹಾಕಿ ಗುಂಡಿ ಹಚ್ಚಿಕೊಂಡ.

ಇತ್ತ ಕುಂಕುಮದ ಫ್ಲಾಪಿ ತಾಟಿನ ಸಮೇತ ಶಾಲೆಯ ಹಿಂದಿನ ಕೆರೆಗೆ ಹೊರಟಿತು. ಸುಬ್ರಾಯ ಭಟ್ಟರು ಅದನ್ನು ಮೂರು ಸಲ ನೀರಿಗೆ ತಾಗಿಸಿ, "ಪುನರಾಗಮನಾಯ ಚ" ಎಂದು ಬಿಟ್ಟುಬಿಟ್ಟರು.

"ಮತ್ತೆ ಬಾ ಅನ್ನೋದೊಂದು ಬಿಡಬಹುದಿತ್ತು ಭಟ್ರೇ," ಎಂದ ಕೆರಿಯಪ್ಪ.

"ಅದು ಬಿಟ್ರೆ ಶಾಸ್ತ್ರ ಪೂರ್ತಿಯಾಗ್ತದೇನೋ?"

ಐದೂ ಕಾಲಿಗೆ ಪರಿಮಳಾ ಅಕ್ಕೋರು ಕೆರಿಯಪ್ಪನ ಅರ್ಜಿಯನ್ನು ಎದುರಿಗೆಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಫೋನು ಹೊಡೆದುಕೊಂಡಿತು. ಶಿರಸಿ ಕಚೇರಿಯ ಸಾಹೇಬರು. ಹಾವೇರಿ ಕಡೆಯವರು, ಫೋನಿಲ್ಲದಿದ್ದರೂ ಕೇಳಿಸುವಂಥ ಧ್ವನಿ.

"ಕೆರಿಯಪ್ಪ ಅಂದ್ರ ಯಾರ್ರಿ? ನಿಮ್ಮ ಫ್ಲಾಪಿ ಬಂತ್ರಿ. ಹಾಕಿ ನೋಡಿದ್ವಿ. ಪಟ್ಟಿ ಎಲ್ಲೈತ್ರಿ ಅದರಾಗ?"

ಕೆರಿಯಪ್ಪ ಅಕ್ಕೋರ ಕೈಯಿಂದ ಫೋನು ತೆಗೆದುಕೊಂಡ. "ಸಾಹೇಬ್ರೆ, ಅದ್ರಲ್ಲಿ ಕುಂಕುಮ... ಕುಂಕುಮ ಇರ್ಲಿಲ್ಲ..."

ಬಾಗಿಲಲ್ಲಿ ನಿಂತಿದ್ದ ಗೌರಕ್ಕೋರು ತಣ್ಣಗೆ ಹೇಳಿದರು: "ಭಟ್ರು ತೀರ್ಥ ಹಾಕಿ ದೇವರ ಫ್ಲಾಪಿ ಒದ್ದೆ ಮಾಡಿದ್ರಲ್ಲ, ನೀನು ರಸ್ತೆಗೆ ಓಡಿದಾಗ ನಾನು ಸೆರಗಲ್ಲಿ ಒರೆಸ್ದೆ. ಕುಂಕುಮವೂ ಹೋಯ್ತು. ಹೇಗೂ ನೀರಿಗೆ ಹೋಗೋ ದೇವರಿಗೆ ಮತ್ತೆ ಕುಂಕುಮ ಯಾಕೆ ಅಂತ, ಪರೀಕ್ಷೆ ಬರೆಯೋ ಮಕ್ಕಳ ಪಟ್ಟಿಗೆ ಹಚ್ಚಿ ತಾಟಲ್ಲಿಟ್ಟೆ. ಒಳ್ಳೇದಾಗ್ಲಿ ಅಂತ."

ಅರುವತ್ತಮೂರು ಮಕ್ಕಳು ಕೆರೆಯ ತಳದಲ್ಲಿದ್ದರು. ಪಟ್ಟಿಯ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಆದರೆ ಫೋನಿನಲ್ಲಿ ಸಾಹೇಬರು ನಗುತ್ತಿದ್ದರು. "ಪಟ್ಟಿ ಹೋಗ್ಲಿ ಬಿಡ್ರಿ! ಒತ್ತಿದ್ರ ಗಣಪ್ಪ ಬಂದಾನಲ್ರಿ! ಏನ್ ಕಿವಿ ಅಲ್ಲಾಡಸ್ತಾನ್ರಿ! ಇಡೀ ಆಫೀಸು ಕೆಲಸ ಬಿಟ್ಟು ನೋಡಾಕತ್ತೈತಿ. ಆದ್ರ ಅವ ಬಂದಾಗಿಂದ ಕಂಪ್ಯೂಟರ್ ಯಾಕೋ ನಿಂತ್ ನಿಂತ್ ಹೊಂಟೈತಿ. ಅದಕ್ಕ ಎಲ್ಲಾ ಸಾಲಿಗೂ ಪಟ್ಟಿಯ ಗಡುವು ಎಂಟು ದಿನ ಮುಂದ ಹಾಕೀನಿ."

ಕೆರಿಯಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಮಕ್ಕಳು ಉಳಿದರು. ಅವನು ಗೋಡೆಗೆ ಒರಗಿ ಮನಸ್ಸಿನಲ್ಲೇ ಕೈಮುಗಿದ.

"ಇನ್ನೊಂದ್ ಮಾತ್ರಿ," ಎಂದರು ಸಾಹೇಬರು. "ಇಲ್ಲಿ ರಿಪೇರಿಯ ನಾಜಿಯಾ ಬಾಯಾರು ಹೇಳಿದ್ರು, ಈ ರೋಗ ತೆಗೆಯೂದು ನಿಮಗ ಗೊತ್ತೈತಂತ. ನಾಳೆ ಬೆಳಿಗ್ಗೆ ಬಂದು ಸರಿ ಮಾಡಿಕೊಡ್ರಿ. ಎಲ್ಲಾ ಸಾಲಿ ಪಟ್ಟಿ ಇದರಾಗ ಅದಾವು, ಒಂದೂ ಹೋಗಬಾರದು. ಏನ್ ಬೇಕಾದ್ರೂ ತೆಗೀರಿ, ಗಣಪ್ಪಗ ಮಾತ್ರ ಕೈ ಹಚ್ಚಬ್ಯಾಡ್ರಿ!"

ಫೋನು ಕುಕ್ಕಿದ ಸದ್ದಾಯಿತು. ಪರಿಮಳಾ ಅಕ್ಕೋರು ಪೆನ್ನಿಗೆ ಮುಚ್ಚಳ ಹಾಕಿದರು. "ಪಟ್ಟಿ ಹೋದ ಮೇಲೆ ಸಹಿ, ಕೆರಿಯಪ್ಪ."

"ನಾಳೆ ಹೇಗೂ ಶಿರಸಿಗೆ ಹೋಗ್ತೀಯಲ್ಲ, ಬರುವಾಗ ಆ ಫ್ಲಾಪಿ ತಂದುಬಿಡು," ಎಂದರು ಗೌರಕ್ಕೋರು. "ಕೆರೆಗೆ ಹೋಗೋ ಮನಸ್ಸು ಅವನಿಗೇ ಇರ್ಲಿಲ್ಲ. ಕೋಣೆ ಬಿಕೋ ಅಂತದೆ."

ಕೆರಿಯಪ್ಪ ದಿಕ್ಕು ತೋಚದೆ ಸುಬ್ರಾಯ ಭಟ್ಟರ ಮುಖ ನೋಡಿದ.

"ಮತ್ತೆ ಬಾ ಅಂತ ಕರೆದದ್ದು ನಾನೇ ಅಲ್ವೇನೋ," ಎಂದರು ಭಟ್ಟರು. "ಕರೆದ ಮೇಲೆ ಬೇಡ ಅನ್ನೋಕಾಗ್ತದಾ?"

ಜಗಲಿಯ ಆ ತುದಿಯಲ್ಲಿ ತಿಮ್ಮಿ ಆಗಲೇ ಕಂಪ್ಯೂಟರ್ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಾಳೆಯ ದಾಸವಾಳಕ್ಕೆ ಜಾಗ ಮಾಡುತ್ತಿದ್ದಳು.