ಹಾಳಾಗಲೊಲ್ಲದ ಪುಡಿ

ಇಂಧನಕೋಶ ಬಾಳಿಕೆ ಪರೀಕ್ಷಾ ಸಂಸ್ಥೆಯ ನಿಯಮದ ಪ್ರಕಾರ, ಒಂದು ವಸ್ತು ಎಷ್ಟು ದಿನ ಬಾಳುತ್ತದೆಂದು ತಿಳಿಯಬೇಕಾದರೆ ಮೊದಲು ಅದು ಹಾಳಾಗತಕ್ಕದ್ದು. ಅಲ್ಲ, ಇದರಲ್ಲಿ ತಪ್ಪೇನಿದೆ ಹೇಳಿ? ಅದಕ್ಕೆಂದೇ ಪ್ರಮಾಣಪತ್ರದ ಅರ್ಜಿಯಲ್ಲಿ ಹದಿನಾಲ್ಕನೇ ಕಾಲಂ ಇತ್ತು: ‘ಹಾಳಾದ ದಿನಾಂಕ’. ಮೂವತ್ತು ವರ್ಷಗಳಲ್ಲಿ ಅದನ್ನು ಖಾಲಿ ಬಿಟ್ಟವಳು ಟೆಂಪರರಿ ಮೇಡಂ ಒಬ್ಬಳೇ. ಹನ್ನೊಂದು ವರ್ಷದಿಂದ ತಾತ್ಕಾಲಿಕ ಹುದ್ದೆಯಲ್ಲೇ ಇದ್ದುದರಿಂದ ಆ ಹೆಸರು ಮಾತ್ರ ಅವಳಿಗೆ ಕಾಯಂ ಆಗಿತ್ತು.

ಅವಳ ಕೆಲಸ ಇಷ್ಟೇ. ಜಲಜನಕದಿಂದ ಕರೆಂಟು ತೆಗೆಯುವ ಕೋಶದೊಳಗೆ ಪ್ಲಾಟಿನಂ ಕಣಗಳಿರುತ್ತವೆ. ಅವು ಕೂರಲು ಒಂದು ಪುಡಿಯ ಆಸರೆ ಬೇಕು. ಎಲ್ಲರೂ ಹಾಕುವುದು ಇಂಗಾಲದ ಪುಡಿ. ಅದು ವರ್ಷದೊಳಗೆ ಸವೆದು ಹೋಗಿ ಪ್ಲಾಟಿನಂ ಬೀದಿಪಾಲಾಗುತ್ತದೆ. ಮತ್ತೆ ಹೊಸ ಪುಡಿ, ಹೊಸ ಟೆಂಡರು. ಪುಡಿ ಪೂರೈಸುತ್ತಿದ್ದವನು ನಿರ್ದೇಶಕರ ಭಾವಮೈದುನ. ಇದು ಬರೀ ಸಂಬಂಧ, ಕಾರಣವಲ್ಲ ಎಂದು ಒಂದು ಸುತ್ತೋಲೆಯೇ ಹೊರಟಿತ್ತು. ಇಂಥಾ ಕಡೆ ಟೆಂಪರರಿ ಮೇಡಂ ಟೈಟಾನಿಯಂ ಆಕ್ಸೈಡಿನಿಂದ ನೀಲಿಗಪ್ಪು ಪುಡಿಯೊಂದನ್ನು ತಯಾರಿಸಿಬಿಟ್ಟಳು. ಹತ್ತು ಸಾವಿರ ಗಂಟೆ ಓಡಿಸಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

ಪುಡಿಗೆ ಪ್ರಮಾಣಪತ್ರ ಸಿಕ್ಕರೆ ಅವಳ ನೌಕರಿ ಕಾಯಂ ಆಗಬೇಕಿತ್ತು. ಅರ್ಜಿ ಏಳು ಸಲ ವಾಪಸ್ ಬಂತು. ಎಂಟನೇ ಸಲ ಅವಳೇ ಹೆಡ್ ಕ್ಲರ್ಕ್ ಮುಂದೆ ಹೋಗಿ ನಿಂತಳು.

“ಅದು ಹಾಳಾಗೇ ಇಲ್ಲ ಸರ್. ಏನಂತ ಬರೀಲಿ?”

ಹೆಡ್ ಕ್ಲರ್ಕ್ ಕನ್ನಡಕ ಒರೆಸಿಕೊಂಡರು. “ನೋಡಿಯಮ್ಮ, ಬದುಕಿರೋರಿಗೆ ಮರಣಪತ್ರ ಕೊಡೋಕಾಗುತ್ತಾ?”

“ನಾನು ಕೇಳ್ತಿರೋದು ಬಾಳಿಕೆ ಪತ್ರ.”

“ನಮ್ಮಲ್ಲಿ ಎರಡಕ್ಕೂ ಒಂದೇ ಫಾರಂ. ಆ ಇಂಗಾಲ ನೋಡಿ, ಎಷ್ಟು ಶಿಸ್ತು. ಪ್ರತಿ ಮಾರ್ಚಿಗೆ ಸರಿಯಾಗಿ ಕೈಕೊಡುತ್ತೆ.”

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ತಾತ್ಕಾಲಿಕ ನೌಕರರಿಗೆ ಕಚೇರಿ ವೇಳೆಯಲ್ಲಿ ಎರಡಕ್ಕೂ ಅವಕಾಶವಿರಲಿಲ್ಲ.

ವಿಷಯ ನಿರ್ದೇಶಕರವರೆಗೆ ಹೋಗಿ ‘ಹಾಳಾಗುವಿಕೆ ನಿರೀಕ್ಷಣಾ ಸಮಿತಿ’ ರಚನೆಯಾಯಿತು. ಐವರು ಸದಸ್ಯರು ಕೋಶದ ಮುಂದೆ ಕುರ್ಚಿ ಹಾಕಿಕೊಂಡು ಮೂರು ತಿಂಗಳು ಕೂತರು. ಎರಡು ಕುರ್ಚಿ ಮುರಿದವು, ಒಬ್ಬರ ಸೊಂಟ ಹಿಡಿದುಕೊಂಡಿತು, ಪುಡಿಗೆ ಏನೂ ಆಗಲಿಲ್ಲ. ಕೊನೆಗೆ ಹೆಡ್ ಕ್ಲರ್ಕೇ ಹೊಸ ನಿಯಮ ಬರೆದರು: ಪರೀಕ್ಷಿಸುವವರ ನಿವೃತ್ತಿಯ ಆಚೆಗೆ ಯಾವ ವಸ್ತುವೂ ಬಾಳತಕ್ಕದ್ದಲ್ಲ. ಮೇಡಂಗೆ ಆಗ ನಲವತ್ತೊಂದು. ಅರವತ್ತು ತುಂಬುವ ದಿನವೇ ಪುಡಿ ಹಾಳಾದ ದಿನಾಂಕ, ಪ್ರಮಾಣಪತ್ರವೂ ಅವತ್ತೇ. ಅಲ್ಲಿಯವರೆಗೆ ಇಂಗಾಲ ಎಂದಿನಂತೆ.

“ಟೆಂಪರರಿಯವರಿಗೆ ನಿವೃತ್ತಿನೇ ಇಲ್ವಲ್ರೀ?” ಎಂದು ನಿರ್ದೇಶಕರು ಕೇಳಿದರು.

“ಕಾಯಂ ಮಾಡಲೇಬೇಕಾಗುತ್ತೆ ಸರ್. ಬೇರೆ ದಾರಿಯಿಲ್ಲ,” ಎಂದು ಹೆಡ್ ಕ್ಲರ್ಕ್ ವಿಷಾದದಿಂದ ಹೇಳಿದರು.

“ಅವತ್ತೂ ಅದು ಹಾಳಾಗದಿದ್ರೆ?”

“ಸುಳ್ಳು ದಿನಾಂಕ ಕೊಟ್ಟಿದ್ದಕ್ಕೆ ಮೇಡಂ ಪಿಂಚಣಿ ನಿಲ್ಲಿಸ್ತೀವಿ.”

ಹದಿನಾಲ್ಕನೇ ಕಾಲಂನಲ್ಲಿ ಆ ದಿನಾಂಕ ತುಂಬಿ, ಪಿಂಚಣಿಯ ಷರತ್ತಿಗೂ ಸಹಿ ಹಾಕುವಾಗ ಅವಳಿಗೆ ನಾಚಿಕೆಯಾಯಿತು. ಸಹಿ ಮಾತ್ರ ನೀಟಾಗಿ ಬಂತು.

“ಹತ್ತೊಂಬತ್ತು ವರ್ಷ ಇದೆಯಲ್ಲ ಕಣೇ. ಅಷ್ಟರಲ್ಲಿ ತಾನಾಗೇ ಹಾಳಾಗುತ್ತೆ ಬಿಡು,” ಎಂದು ಮನೆಯಲ್ಲಿ ಗಂಡ ಸಮಾಧಾನ ಹೇಳಿದ.

“ಹಾಳಾಗಲ್ಲ ರೀ. ಮಾಡಿದೋಳು ನಾನು,” ಎಂದಳು. ಹೆಮ್ಮೆಯಿಂದಲೇ ಶುರುಮಾಡಿದ ಆ ಮಾತು ಮುಗಿಯುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು.

ಈಗ ಅವಳು ದಿನವೂ ಒಂಬತ್ತೂವರೆಗೆ ಬಂದು ತನ್ನ ಪುಡಿಗೆ ಆಮ್ಲ ಸುರಿಯುತ್ತಾಳೆ, ವೋಲ್ಟೇಜ್ ಏರಿಸುತ್ತಾಳೆ, ಕುದಿಸುತ್ತಾಳೆ, ಹೆಪ್ಪುಗಟ್ಟಿಸುತ್ತಾಳೆ. ಸಂಸ್ಥೆ ಇದನ್ನು ಉನ್ನತ ಸಂಶೋಧನೆಯೆಂದು ಪರಿಗಣಿಸಿ ಒಂದು ದೊಡ್ಡ ಕುಲುಮೆ ಮಂಜೂರು ಮಾಡಿದೆ. ವಾರ್ಷಿಕ ವರದಿಯಲ್ಲಿ ನಿರ್ದೇಶಕರು ಸ್ವತಃ ಬರೆದಿದ್ದಾರೆ: ‘ಪುಡಿ ಇನ್ನೂ ಸಹಕರಿಸುತ್ತಿಲ್ಲ. ಮೇಡಂ ಪ್ರಯತ್ನ ಬಿಟ್ಟಿಲ್ಲ.’