ತಾನೇ ತೂಗುವ ತೊಟ್ಟಿಲು

ತೊಟ್ಟಿಲು ತೂಗುವುದು ಒಂದು ವಿದ್ಯೆಯೇ ಅಲ್ಲ ಎಂದು ನಾನು ನಂಬಿದ್ದ ಕಾಲವದು. ಎಳೆ, ಬಿಡು. ಮತ್ತೆ ಎಳೆ, ಬಿಡು. ಇದಕ್ಕೆ ಮನುಷ್ಯರು ಬೇಕೇ?

ಆಗ ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಶಿವಮೊಗ್ಗದ ರಾಗಿಗುಡ್ಡದಲ್ಲಿ ಅತ್ತೆಯ ಮನೆ. ನನ್ನ ನಾದಿನಿ ಗೀತಾ ಬಾಣಂತನಕ್ಕೆ ಅಲ್ಲಿಗೆ ಬಂದಿದ್ದಳು. ಮಗು ಬಂಗಾರದಂಥದ್ದು, ಆದರೆ ತೂಗುವುದು ನಿಂತ ಕ್ಷಣ ಬೀದಿಗೆಲ್ಲ ಕೇಳುವಂತೆ ಅಳುತ್ತಿತ್ತು. ಸೀರೆಯ ಜೋಲಿ ತೂಗಿ ತೂಗಿ ಅತ್ತೆಯ ಬಲಗೈ ಭುಜದಿಂದ ಮೇಲೇಳದಂತಾಗಿತ್ತು. ಅನ್ನ ಕಲಸುವಾಗಲೂ "ಅಮ್ಮಾ" ಎನ್ನುತ್ತಿದ್ದರು. ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

"ಅತ್ತೆ, ನಾಮಕರಣದ ಹೊತ್ತಿಗೆ ತಾನೇ ತೂಗೋ ತೊಟ್ಟಿಲು ಮಾಡಿಕೊಡ್ತೀನಿ!" ಎಂದು ಘೋಷಿಸಿದೆ.

ಹೆಂಡತಿ ಸುಮಿತ್ರಾ ನನ್ನತ್ತ ಒಂದು ನೋಟ ಬೀರಿದಳು. ನಾನು ಮಿಕ್ಸಿ ರಿಪೇರಿ ಮಾಡಿದಂದಿನಿಂದ ಅವಳಿಗೆ ಆ ನೋಟ ರೂಢಿಯಾಗಿತ್ತು.

ಗುಜರಿಯಿಂದ ಹಳೆಯ ಕಾರಿನ ವೈಪರ್ ಮೋಟಾರು ತಂದೆ. ಅದರ ತೋಳಿಗೆ ಹಗ್ಗ ಕಟ್ಟಿ, ಹಗ್ಗವನ್ನು ತೊಟ್ಟಿಲಿಗೆ ಕಟ್ಟಿದರೆ ಮುಗಿಯಿತು. ಆದರೆ ಪೂರ್ತಿ ಕರೆಂಟು ಕೊಟ್ಟರೆ ಮೋಟಾರು ಹುಚ್ಚೆದ್ದು ತಿರುಗುತ್ತದೆ. ಕಣ್ಣಿಗೆ ಕಾಣದ ವೇಗದಲ್ಲಿ ಕರೆಂಟು ಕೊಟ್ಟು ನಿಲ್ಲಿಸಿ, ಕೊಟ್ಟು ನಿಲ್ಲಿಸಿ ಮಾಡಿದರೆ ನಿಧಾನವಾಗುತ್ತದೆ. ಆ ಲೆಕ್ಕ ನೋಡಿಕೊಳ್ಳಲು ಒಂದು ಮೈಕ್ರೋಕಂಟ್ರೋಲರ್ ಚಿಪ್ಪು. ಚಿಪ್ಪಿನ ಮಾತನ್ನು ಮೋಟಾರಿಗೆ ಮುಟ್ಟಿಸಲು ಒಂದು ಟ್ರಾನ್ಸಿಸ್ಟರು. ಮೋಟಾರಿಗೆ ಅಡ್ಡಲಾಗಿ ಡಯೋಡ್ ಹಾಕದಿದ್ದರೆ ಅದು ಕರೆಂಟಿನಲ್ಲಿ ಎಬ್ಬಿಸುವ ಗದ್ದಲ ಚಿಪ್ಪಿನ ತಲೆ ಕೆಡಿಸುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. ನಾನು ಮಾತ್ರ ಹಾಕಲಿಲ್ಲ. ಇಲ್ಲದೆಯೂ ನಡೆಯಿತಲ್ಲ!

ಮನೆಯಲ್ಲಿ ದಿಂಬು ಮಲಗಿಸಿ ತೂಗಿಸಿದೆ. ದಿಂಬು ಸುಖವಾಗಿ ನಿದ್ದೆ ಮಾಡಿತು.

"ರೀ, ನಿಲ್ಲಿಸೋ ಸ್ವಿಚ್ ಎಲ್ಲಿ?" ಎಂದಳು ಸುಮಿತ್ರಾ.

"ನಿಲ್ಲಿಸೋದ್ಯಾಕೆ ಮಾರಾಯ್ತಿ? ನಿಂತ್ರೆ ಮಗು ಅಳುತ್ತಲ್ಲ!"

ಮನೆಯಲ್ಲಿ ಚಿಪ್ಪಿಗೊಂದು, ಮೋಟಾರಿಗೊಂದು ಬ್ಯಾಟರಿ ಇಟ್ಟಿದ್ದೆ. ಬಸ್ಸಿನಲ್ಲಿ ಎರಡೆರಡು ಹೊರುವುದೇಕೆಂದು ರಾಗಿಗುಡ್ಡದಲ್ಲಿ ಎರಡನ್ನೂ ಒಂದೇ ಬ್ಯಾಟರಿಗೆ ಸೇರಿಸಿದೆ. ಬುದ್ಧಿವಂತಿಕೆ!

ನಾಮಕರಣದ ದಿನ ಮನೆ ತುಂಬ ಜನ. ಪದ್ಧತಿಯಂತೆ ಮೊದಲು ಗುಂಡುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದರು. ಮಗು ಗೀತಾಳ ತೋಳಲ್ಲಿತ್ತು. ಈ ಪದ್ಧತಿ ಮಾಡಿದ ಹಿರಿಯರಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಬ್ಯಾಟರಿಗೆ ವೈರು ಸೇರಿಸಿ ನಟ್ಟು ಬಿಗಿದೆ. ತೊಟ್ಟಿಲು ಮೆಲ್ಲಗೆ ತೂಗಿತು. ಹೆಂಗಸರು ಜೋಗುಳ ಎತ್ತಿಕೊಂಡರು. "ಅಳಿಯಂದ್ರು ಭಾರಿ ಬುದ್ಧಿವಂತ್ರು ಕಣ್ರೀ!" ಎಂದರು ಯಾರೋ. ನಾನು ವಿನಯದಿಂದ ಗೋಡೆ ನೋಡಿದೆ.

ಅಷ್ಟರಲ್ಲಿ ಮೋಟಾರಿನ ಗದ್ದಲ ಒಂದೇ ಬ್ಯಾಟರಿಯ ದಾರಿ ಹಿಡಿದು ಚಿಪ್ಪಿಗೆ ಬಡಿಯಿತು. ಚಿಪ್ಪು ಎಲ್ಲ ಮರೆತು, ಮೊದಲಿನಿಂದ ಶುರು ಮಾಡಿತು. ಆ ಜಾತಿಯ ಚಿಪ್ಪಿಗೆ ಒಂದು ಚಾಳಿಯಿದೆ: ಎಚ್ಚರವಾಗುವಾಗ ತನ್ನ ಎಲ್ಲ ತಂತಿಗಾಲುಗಳಿಂದಲೂ 'ಹೂಂ, ನಡಿ' ಎನ್ನುತ್ತದೆ. ಮೋಟಾರು ಪೂರ್ತಿ ವೇಗದಲ್ಲಿ ತಿರುಗಿತು. ಗದ್ದಲ ಹೆಚ್ಚಾಯಿತು. ಚಿಪ್ಪು ಮತ್ತೆ ಮರೆಯಿತು. ಮತ್ತೆ 'ಹೂಂ, ನಡಿ'!

ತೊಟ್ಟಿಲು ತೊಲೆಯ ಎತ್ತರಕ್ಕೆ ಜೀಕಿತು. ಜೋಗುಳ ಚೀತ್ಕಾರವಾಯಿತು.

"ಭಾವ, ನಿಲ್ಸಿ!" ಮಗುವನ್ನು ಅಪ್ಪಿಕೊಂಡು ಗೀತಾ ಅಡುಗೆಮನೆಗೆ ಓಡಿದಳು.

"ರೀ, ಸ್ವಿಚ್ಚು!" ಎಂದಳು ಸುಮಿತ್ರಾ.

ನಾನು ಬ್ಯಾಟರಿಗೆ ಜೋತುಬಿದ್ದೆ. ಜೀವನದಲ್ಲಿ ಒಂದೇ ಸಲ ನಟ್ಟುಗಳನ್ನು ಸರಿಯಾಗಿ ಬಿಗಿದಿದ್ದೆ. ಬಿಚ್ಚಲೇ ಆಗಲಿಲ್ಲ!

ಗುಂಡುಕಲ್ಲು ಬಟ್ಟೆಯ ಸಮೇತ ಹಾರಿ, ಹಂಚಲು ಇಟ್ಟಿದ್ದ ಗುಗ್ಗರಿಯ ಪಾತ್ರೆಯೊಳಗೆ ಬಿತ್ತು. ಬೆಂದ ಕಡಲೆ ಪುರೋಹಿತರ ಮೇಲೆ ಮಳೆಯಾಗಿ ಸುರಿಯಿತು. ಅವರು ಮಂತ್ರ ನಿಲ್ಲಿಸಲಿಲ್ಲ. ಛತ್ರಿಯಂತೆ ಶಾಲು ಹಿಡಿದುಕೊಂಡರು.

ಆಗ ಅತ್ತೆ ತೆಂಗಿನಕಾಯಿ ಒಡೆಯುವ ಕತ್ತಿ ಹಿಡಿದು ಬಂದರು. ಭುಜದಿಂದ ಮೇಲೇಳದಿದ್ದ ಆ ಬಲಗೈ ತಲೆಯ ಮೇಲಕ್ಕೆ ಎದ್ದಿತು! ನಾನು ಕಣ್ಣು ಮುಚ್ಚಿದೆ. ಕತ್ತರಿಸಿದ್ದು ಹಗ್ಗವನ್ನು ಮಾತ್ರ.

ಕೆಲಸ ಕಳೆದುಕೊಂಡ ಮೋಟಾರು ಮೂಲೆಯಲ್ಲಿ ಬರಿದೇ ಕೈ ಬೀಸುತ್ತಿತ್ತು. ನಾನು ಹೇಗೋ ನಟ್ಟು ಸಡಿಲಿಸಿ ವೈರು ಕಿತ್ತೆಸೆದ ಮೇಲೆ ಸುಮ್ಮನಾಯಿತು. ಕಲ್ಲನ್ನು ತೊಳೆದು ಮತ್ತೆ ಮಲಗಿಸಿ, ಆಮೇಲೆ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ಮಗು ಅಳಲು ಶುರುಮಾಡಿತು. ಅತ್ತೆ ಒಂದು ಹೊಸ ಹಗ್ಗ ಕಟ್ಟಿ ಅದರ ತುದಿ ನನ್ನ ಕೈಗಿಟ್ಟರು.

"ಅಳಿಯಂದ್ರೇ, ನೀವೇ ಕೂತ್ಕೊಳ್ಳಿ. ನನ್ ಕೈಯಲ್ಲಿ ಇನ್ನಾಗಲ್ಲ."

ಎಲ್ಲರೂ ಊಟಕ್ಕೆ ಎದ್ದರು. ಹೋಳಿಗೆಯ ವಾಸನೆ ನನ್ನವರೆಗೂ ಬಂತು, ಹೋಳಿಗೆ ಬರಲಿಲ್ಲ. ಹೊಳಲೂರಿನಿಂದ ತಡವಾಗಿ ಬಂದ ಅಜ್ಜರೊಬ್ಬರು ನನ್ನ ಪಕ್ಕ ಕುಳಿತರು.

"ಮೇಷ್ಟ್ರಂತೆ ನೀವು. ಏನ್ ಪಾಠ ಮಾಡ್ತೀರಿ?"

"ಮೋಟಾರಿನ ವೇಗ ನಿಯಂತ್ರಣ," ಎಂದೆ, ಹಗ್ಗ ಎಳೆಯುತ್ತಾ.

ಅಜ್ಜ ತೊಟ್ಟಿಲನ್ನೇ ಒಂದು ಗಳಿಗೆ ನೋಡಿದರು.

"ಜೋರಾಯ್ತು ಮಾರಾಯ್ರೆ. ಸ್ವಲ್ಪ ನಿಧಾನ ಎಳೀರಿ."